ಇಡೀ ತರಗತಿಗೆ ಪಾಠ ಹೇಳುತ್ತಲೇ ಒಬ್ಬೊಬ್ಬರನ್ನು ಅರಿಯುವುದು ಹೇಗೆ?

ಪ್ರಶ್ನೆ: ನಮ್ಮ ಸಭೆಯಲ್ಲಿ 13ರಿಂದ 16 ವರ್ಷದ ಮಕ್ಕಳಿಗೆ ಕ್ರೈಸ್ತ ನಂಬಿಕೆಯ ಪಾಠ ಹೇಳಿಕೊಡುತ್ತೇನೆ. ತರಗತಿಯಲ್ಲಿ 18 ಮಕ್ಕಳಿದ್ದಾರೆ, ವಾರಕ್ಕೆ ಸಿಗುವುದು ಒಂದೇ ಗಂಟೆ. ದಶಾಜ್ಞೆ, ಕರ್ತನ ಪ್ರಾರ್ಥನೆ, ವಿಶ್ವಾಸಪ್ರಮಾಣ ಎಲ್ಲವನ್ನೂ ಚೆನ್ನಾಗಿ ಒಪ್ಪಿಸುತ್ತಾರೆ. ಆದರೆ ಒಬ್ಬೊಬ್ಬರ ಮನಸ್ಸಿನಲ್ಲಿ ಏನಿದೆ ಎಂಬುದು ನನಗೆ ತಿಳಿಯುವುದೇ ಇಲ್ಲ. ಅಜ್ಜಿ ತೀರಿಕೊಂಡ ಮೇಲೆ ಒಬ್ಬ ಹುಡುಗಿ ಮಾತನ್ನೇ ನಿಲ್ಲಿಸಿದ್ದಾಳೆ. ಒಬ್ಬ ಹುಡುಗ ಪ್ರತಿ ಪಾಠಕ್ಕೂ ಅಡ್ಡಪ್ರಶ್ನೆ ಹಾಕುತ್ತಾನೆ. ಒಬ್ಬೊಬ್ಬರ ಹತ್ತಿರ ಹೋಗೋಣವೆಂದರೆ ಸಮಯವೆಲ್ಲಿದೆ? ಹೋದರೂ ಅವರ ಸ್ವಂತ ವಿಷಯಕ್ಕೆ ಕೈಹಾಕಿದಂತಾಗುವುದಿಲ್ಲವೇ?

ಉತ್ತರ: ಎಲ್ಲವನ್ನೂ ಒಪ್ಪಿಸುತ್ತಾರೆ, ಆದರೂ ಒಳಗೆ ಏನಿದೆ ಎಂದು ತಿಳಿಯುವುದಿಲ್ಲ ಎಂದಿದ್ದೀರಿ. ಮೊದಲು ಆ ಮಾತನ್ನೇ ತೆಗೆದುಕೊಳ್ಳುತ್ತೇನೆ. ನೀವು ಹೇಳಿದ ಉಳಿದ ತೊಡಕುಗಳ ಬೇರು ಅಲ್ಲೇ ಇದೆ.

ತರಗತಿಯಲ್ಲಿ ನಾವು ಕೇಳುವ ಪ್ರಶ್ನೆಗಳನ್ನು ನೆನಪಿಸಿಕೊಳ್ಳಿ. ಇಸ್ರಾಯೇಲ್ಯರು ಅರಣ್ಯದಲ್ಲಿ ಎಷ್ಟು ವರ್ಷ ಅಲೆದರು? ಪೇತ್ರನು ಯೇಸುವನ್ನು ಅರಿಯೆನೆಂದು ಎಷ್ಟು ಸಲ ಹೇಳಿದನು? 40 ವರ್ಷ, ಮೂರು ಸಲ. ಉತ್ತರ ನಮಗೆ ಮೊದಲೇ ಗೊತ್ತಿರುತ್ತದೆ, ಮಗುವಿಗೆ ಗೊತ್ತಿದೆಯೇ ಎಂದು ನೋಡುತ್ತೇವೆ. ಇಂಥ ಪ್ರಶ್ನೆಗಳೂ ಬೇಕು. ಬಾಯಿಪಾಠವನ್ನು ಹೀಗಳೆಯುವವರ ಗುಂಪಿಗೆ ನಾನು ಸೇರಿದವನಲ್ಲ. ಸ್ವಂತ ಮಾತು ಹೊರಡದ ಸಂಕಟದ ಹೊತ್ತಿನಲ್ಲಿ ಚಿಕ್ಕಂದಿನಲ್ಲಿ ಕಲಿತ ಬೈಬಲಿನ ಕೀರ್ತನೆಯೊಂದು ತಾನಾಗಿ ನಾಲಿಗೆಗೆ ಬರುವುದನ್ನು ಎಷ್ಟೋ ಜನರಲ್ಲಿ ನೋಡಿದ್ದೇನೆ. ಆದರೆ ವರ್ಷಗಟ್ಟಲೆ ಬರೀ ಇಂಥ ಪ್ರಶ್ನೆಗಳನ್ನೇ ಕೇಳಿ ಬೆಳೆದ ಮಗು, ದೊಡ್ಡವರಿಗೆ ಬೇಕಾದ ಉತ್ತರವೊಂದು ಇರುತ್ತದೆ, ಅದನ್ನು ಹೇಳಿದರೆ ಮುಗಿಯಿತು ಎಂದು ತಿಳಿದುಕೊಂಡುಬಿಡುತ್ತದೆ. ಆಮೇಲೆ ನೀವು ಮನಸಾರೆ, "ದೇವರು ನಿನ್ನ ಪ್ರಾರ್ಥನೆ ಕೇಳುತ್ತಾನೆ ಅಂತ ನಿನಗೆ ಅನ್ನಿಸುತ್ತದೆಯೇ?" ಎಂದು ಕೇಳಿದರೂ ಅದು ಪರೀಕ್ಷೆಯ ಪ್ರಶ್ನೆಯಂತೆಯೇ ಕೇಳಿಸುತ್ತದೆ. "ಹೌದು" ಎಂಬ ಉತ್ತರ ಬರುತ್ತದೆ. ಅದರ ಹಿಂದೆ ಏನಿದೆಯೋ ನಿಮಗೆ ತಿಳಿಯುವುದಿಲ್ಲ.

ಆದ್ದರಿಂದ ನನ್ನ ಮುಖ್ಯ ಸಲಹೆ ಇಷ್ಟೇ. ನಿಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಒಬ್ಬೊಬ್ಬರಿಗೂ ಕೇಳಲು ತೊಡಗಿ. ಅವರು ಏನು ಹೇಳಿದರೆಂಬುದನ್ನು ಮುಂದಿನ ಭೇಟಿಯವರೆಗೆ ನೆನಪಿನಲ್ಲಿಡಿ.

ಒಂದು ಉದಾಹರಣೆ ಕೊಡುತ್ತೇನೆ. ಕರ್ತನ ಪ್ರಾರ್ಥನೆಯ ಪಾಠ ಮುಗಿದ ಮೇಲೆ, "ಇದರಲ್ಲಿ ಯಾವ ಸಾಲನ್ನು ಹೇಳುವುದು ನಿನಗೆ ಕಷ್ಟ?" ಎಂದು ಕೇಳಿ ನೋಡಿ. ಒಬ್ಬಳು ಕ್ಷಮೆಯ ಸಾಲನ್ನು ತೋರಿಸುತ್ತಾಳೆ, ಅಕ್ಕನೊಡನೆ ಮಾತು ಬಿಟ್ಟು ತಿಂಗಳಾಗಿರುತ್ತದೆ. ಅನುದಿನದ ಆಹಾರದ ಸಾಲನ್ನು ಹೇಳುವಾಗ ತನಗೆ ಏನೂ ಅನ್ನಿಸುವುದಿಲ್ಲ, ಊಟಕ್ಕೆ ಎಂದೂ ಕೊರತೆಯಾಗಿಲ್ಲವಲ್ಲ ಎಂದು ಇನ್ನೊಬ್ಬ ಹೇಳಬಹುದು, ಅದು ಪ್ರಾಮಾಣಿಕವಾದ ಮಾತು. ಮತ್ತೊಬ್ಬನು "ತಂದೆಯೇ" ಎಂಬ ಮೊದಲ ಮಾತಿನಲ್ಲೇ ನಿಂತುಬಿಡುತ್ತಾನೆ. ಮನೆಯಲ್ಲಿ ಅಪ್ಪನ ಹೆಜ್ಜೆ ಸದ್ದು ಕೇಳಿದರೆ ಮುದುಡಿಕೊಳ್ಳುವ ಹುಡುಗನಿಗೆ ಆ ಮಾತು ಎಷ್ಟು ಭಾರವಾಗಿರುತ್ತದೆ ಎಂದು ಯೋಚಿಸಿ. ಮೂವರೂ ಅದೇ ಪ್ರಾರ್ಥನೆಯನ್ನು ತಪ್ಪಿಲ್ಲದೆ ಒಪ್ಪಿಸಿದವರೇ.

ಸುವಾರ್ತೆಗಳನ್ನು ಬೋಧಕರ ಕಣ್ಣಿನಿಂದ ಓದಿದರೆ ಯೇಸು ಎಷ್ಟು ಸಲ ಕೇಳಿ, ಆಮೇಲೆ ಹೇಳುತ್ತಾನೆ ಎಂಬುದು ಎದ್ದು ಕಾಣುತ್ತದೆ. ಯೆರಿಕೋವಿನ ದಾರಿಯಲ್ಲಿ ಕುರುಡ ಬಾರ್ತಿಮಾಯನು ಕೂಗುತ್ತಿದ್ದಾನೆ. ಅವನಿಗೆ ಏನು ಬೇಕೆಂಬುದು ಅಲ್ಲಿದ್ದ ಯಾರಿಗೂ ತಿಳಿಯದ ಸಂಗತಿಯಲ್ಲ. ಆದರೂ ನಿನಗೆ ನಾನು ಏನು ಮಾಡಬೇಕು ಎಂದು ಯೇಸು ಅವನನ್ನೇ ಕೇಳುತ್ತಾನೆ. ಪುನರುತ್ಥಾನದ ದಿನ ಎಮ್ಮಾಹು ಎಂಬ ಹಳ್ಳಿಯ ದಾರಿಯಲ್ಲಿ, ತನ್ನ ಗುರುತು ಹಿಡಿಯದ ಇಬ್ಬರು ಶಿಷ್ಯರ ಜೊತೆ ನಡೆಯುವಾಗ, ನೀವು ಮಾತಾಡಿಕೊಳ್ಳುತ್ತಿರುವುದು ಯಾವ ವಿಷಯ ಎಂದು ಕೇಳಿ, ಅವರು ತಮ್ಮ ನಿರೀಕ್ಷೆ, ನಿರಾಶೆ, ಬೆಳಿಗ್ಗೆ ಹೆಂಗಸರು ತಂದ ಬರಿದಾದ ಸಮಾಧಿಯ ಸುದ್ದಿಯ ಗೊಂದಲ ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಕೇಳಿಸಿಕೊಳ್ಳುತ್ತಾನೆ. ಮೋಶೆಯಿಂದ ಹಿಡಿದು ಪ್ರವಾದಿಗಳವರೆಗಿನ ವಿವರಣೆ ಅದಾದ ಮೇಲೆ ಬರುತ್ತದೆ. ನಮ್ಮ ತರಗತಿಗಳಲ್ಲಿ ಈ ಕ್ರಮ ತಿರುಗುಮುರುಗಾಗಿರುತ್ತದೆ. ಗಂಟೆಯೆಲ್ಲ ವಿವರಿಸಿ, ಕೊನೆಯ ಎರಡು ನಿಮಿಷದಲ್ಲಿ "ಏನಾದರೂ ಪ್ರಶ್ನೆ ಇದೆಯೇ?" ಎನ್ನುತ್ತೇವೆ.

ನಿಮ್ಮ ಪ್ರಶ್ನೆ ಇಂದು ನಿನ್ನೆಯದಲ್ಲ. ಕ್ರಿ.ಶ. 400ರ ಸುಮಾರಿಗೆ ಉತ್ತರ ಆಫ್ರಿಕದ ಕಾರ್ಥೇಜಿನ ದೇಯೊಗ್ರಾತಿಯಸ್ ಎಂಬ ಸಭಾಸೇವಕರು ಹಿಪ್ಪೋದ ಬಿಷಪ್ ಅಗಸ್ಟೀನರಿಗೆ ತಮ್ಮ ಕಷ್ಟ ಹೇಳಿಕೊಂಡರು. ಹೊಸಬರಿಗೆ ನಂಬಿಕೆಯ ಮೊದಲ ಪಾಠ ಹೇಳುವುದು ಅವರ ಕೆಲಸವಾಗಿತ್ತು, ತಮ್ಮ ಮಾತು ತಮಗೇ ಸಪ್ಪೆ ಎನಿಸುತ್ತದೆ ಎಂಬುದು ಅವರ ಕೊರಗು. ಅಗಸ್ಟೀನರು ಉತ್ತರವಾಗಿ ಒಂದು ಪುಟ್ಟ ಗ್ರಂಥವನ್ನೇ ಬರೆದರು. ಅದರಲ್ಲಿ ದೇವತಾಶಾಸ್ತ್ರದ ಜೊತೆಗೇ ಕೇಳುವವನ ಮುಖವನ್ನು ನೋಡಬೇಕೆಂಬ ಕಾಳಜಿಯೂ ತುಂಬಿದೆ. ಬಂದವನು ಏಕೆ ಬಂದನೆಂದು ಮೊದಲು ವಿಚಾರಿಸಿಕೊಳ್ಳಿ. ಓದಿಕೊಂಡವನಾದರೆ ಏನೇನು ಓದಿದ್ದಾನೆಂದು ಕೇಳಿ, ಅವನಿಗೆ ಗೊತ್ತಿರುವುದನ್ನೇ ಮತ್ತೆ ಹೇಳಿ ಬೇಸರ ತರಿಸಬೇಡಿ. ಅರ್ಥವಾಯಿತೇ ಎಂದು ನಡುವೆ ಪ್ರೀತಿಯಿಂದ ಕೇಳಿ. ಆಕಳಿಸಿದರೆ, ನಿಂತು ಆಯಾಸಗೊಂಡಂತೆ ಕಂಡರೆ, ಕೂರಲು ಆಸನ ಕೊಡಿ. ಸಾವಿರದ ಆರುನೂರು ವರ್ಷಗಳ ಹಿಂದಿನ ಬಿಷಪರೊಬ್ಬರು ವಿದ್ಯಾರ್ಥಿಯ ಕಾಲುನೋವಿನ ಬಗ್ಗೆ ಬರೆದಿರುವುದು ನನಗೆ ಯಾವಾಗಲೂ ಧೈರ್ಯ ಕೊಡುತ್ತದೆ. ಎಲ್ಲರಿಗೂ ಸಲ್ಲಬೇಕಾದ ಪ್ರೀತಿ ಒಂದೇ, ಆದರೆ ಎಲ್ಲರಿಗೂ ಒಂದೇ ಮದ್ದು ಸಲ್ಲದು ಎಂಬ ಅರ್ಥದ ಮಾತೂ ಅಲ್ಲೇ ಬರುತ್ತದೆ. ಒಬ್ಬರಿಗೆ ಹೆಚ್ಚು ಗಮನ ಕೊಟ್ಟರೆ ಪಕ್ಷಪಾತವಾದೀತೆಂಬ ಅಂಜಿಕೆ ನಿಮಗಿದ್ದರೆ ಅದಕ್ಕೆ ಈ ಮಾತು ಸಾಕಷ್ಟು ಉತ್ತರ. 18 ಮಕ್ಕಳಿಗೂ ಸಮಸಮ ನಿಮಿಷ ಹಂಚಬೇಕಾಗಿಲ್ಲ. ಯಾರೂ ಲೆಕ್ಕದಿಂದ ಬಿಟ್ಟುಹೋಗದಿದ್ದರೆ ಸಾಕು.

ಇನ್ನು ಸಮಯದ ಮಾತು. ಇಂಗ್ಲೆಂಡಿನ ಕಿಡರ್‌ಮಿನ್‌ಸ್ಟರ್‌ನಲ್ಲಿ 17ನೇ ಶತಮಾನದಲ್ಲಿ ಸಭಾಪಾಲಕರಾಗಿದ್ದ ರಿಚರ್ಡ್ ಬ್ಯಾಕ್ಸ್‌ಟರ್ ಅವರ ಸಭಾವಲಯದಲ್ಲಿ 800ಕ್ಕೂ ಹೆಚ್ಚು ಕುಟುಂಬಗಳಿದ್ದವು. ಅವರೂ ಅವರ ಸಹಾಯಕರೂ ಸೋಮವಾರ ಮಂಗಳವಾರಗಳನ್ನು ಇದಕ್ಕೆಂದೇ ತೆಗೆದಿಟ್ಟು, ವಾರಕ್ಕೆ ಹದಿನೈದು ಹದಿನಾರು ಕುಟುಂಬಗಳಂತೆ ಒಂದೊಂದನ್ನೇ ಕೂರಿಸಿಕೊಂಡು ಮಾತಾಡುತ್ತಿದ್ದರು. ಹಾಗೆ ಒಂದು ವರ್ಷದಲ್ಲಿ ಇಡೀ ವಲಯವನ್ನು ಮುಗಿಸುವುದು ಅವರ ಯೋಜನೆ. ಹತ್ತು ವರ್ಷದ ಉಪದೇಶದಿಂದ ಆಗದ್ದು ಕೆಲವರಿಗೆ ಅರ್ಧ ಗಂಟೆಯ ಮುಖಾಮುಖಿ ಮಾತಿನಿಂದ ಆಯಿತೆಂದು 1656ರಲ್ಲಿ ಅವರು ಬರೆದರು. ಅಷ್ಟು ದೊಡ್ಡ ವ್ಯವಸ್ಥೆ ನಿಮಗೆ ಬೇಕಿಲ್ಲ. ವಾರಕ್ಕೆ ಮೂವರು ಎಂದಿಟ್ಟುಕೊಳ್ಳಿ. ತರಗತಿಗೆ ಕಾಲು ಗಂಟೆ ಮುಂಚೆ ಬನ್ನಿ, ಮುಗಿದ ಮೇಲೆ ಹತ್ತು ನಿಮಿಷ ನಿಲ್ಲಿ. ಕುರ್ಚಿ ಜೋಡಿಸುವಾಗ, ಹಾಡಿನ ಪುಸ್ತಕಗಳನ್ನು ಎತ್ತಿಡುವಾಗ ಆ ಮೂವರಲ್ಲಿ ಒಬ್ಬರು ನಿಮ್ಮ ಜೊತೆಯಲ್ಲಿರಲಿ. ಹದಿಹರೆಯದವರು ಎದುರುಬದುರು ಕೂತಾಗ ಬಾಯಿ ಬಿಡುವುದಕ್ಕಿಂತ ಕೈಗೆ ಏನಾದರೂ ಕೆಲಸವಿದ್ದಾಗ ಸರಾಗವಾಗಿ ಮಾತಾಡುತ್ತಾರೆ. ಆರು ವಾರಕ್ಕೆ ಒಂದು ಸುತ್ತು ಮುಗಿಯುತ್ತದೆ. ಮಧ್ಯೆ ಯಾರಿಗಾದರೂ ತುರ್ತಾಗಿ ನಿಮ್ಮ ಅಗತ್ಯ ಬಿದ್ದರೆ ಸರದಿಯನ್ನು ಮುರಿಯಿರಿ.

ನೆನಪಿಡುವುದಕ್ಕೆ ಒಂದು ಚಿಕ್ಕ ಪುಸ್ತಕವಿರಲಿ. ಒಬ್ಬೊಬ್ಬರ ಹೆಸರಿನ ಕೆಳಗೆ ಒಂದು ಸಾಲು, "ಚಿತ್ರ ಬಿಡಿಸುವ ಸ್ಪರ್ಧೆ", "ತಮ್ಮನಿಗೆ ಜ್ವರ", "ಯೋಬನ ಕಥೆ ಇಷ್ಟವಾಗಲಿಲ್ಲ" ಎಂಬಷ್ಟು ಸಾಕು. ಗುಟ್ಟಿನ ಸಂಗತಿಗಳನ್ನು ಅದರಲ್ಲಿ ಬರೆಯಬೇಡಿ, ಪುಸ್ತಕ ಕಳೆದುಹೋಗಬಹುದು. ಎರಡು ವಾರದ ನಂತರ "ತಮ್ಮ ಹೇಗಿದ್ದಾನೆ?" ಎಂದು ಕೇಳಿದಾಗ ಆ ಮಗುವಿನ ಮುಖ ನೋಡಿ. ಬೋಧಕರಿಗೆ ತರಬೇತಿ ಕೊಡುವಾಗ ನಾನು ಅತಿ ಹೆಚ್ಚು ಒತ್ತಿ ಹೇಳುವುದು ಇದನ್ನೇ. ಒಳ್ಳೆಯ ಪ್ರಶ್ನೆ ಕೇಳಿ ಉತ್ತರವನ್ನು ಮರೆತುಬಿಡುವ ಬೋಧಕರಿಗಿಂತ ಸಾಧಾರಣ ಪ್ರಶ್ನೆ ಕೇಳಿ ಉತ್ತರವನ್ನು ನೆನಪಿಡುವ ಬೋಧಕರನ್ನು ಮಕ್ಕಳು ನಂಬುತ್ತಾರೆ.

ಮೌನವಾದ ಹುಡುಗಿಯ ವಿಷಯಕ್ಕೆ ಬರೋಣ. ಯೋಹಾನನ ಸುವಾರ್ತೆಯ 11ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಲಾಜರ ತೀರಿಕೊಂಡಿದ್ದಾನೆ. ಮಾರ್ಥಳು ಊರ ಹೊರಗೇ ಯೇಸುವನ್ನು ಎದುರುಗೊಂಡು, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎನ್ನುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ ಮರಿಯಳು ಬಂದು ಕಾಲಿಗೆ ಬಿದ್ದು ಅದೇ ಮಾತನ್ನು ಹೇಳುತ್ತಾಳೆ. ಇಬ್ಬರು ಅಕ್ಕತಂಗಿಯರು, ಒಂದೇ ಸಾವು, ಒಂದೇ ಮಾತು. ಆದರೆ ಮಾರ್ಥಳೊಡನೆ ಯೇಸು ಪುನರುತ್ಥಾನದ ಬಗ್ಗೆ ಮಾತಾಡುತ್ತಾನೆ, ನೀನು ಇದನ್ನು ನಂಬುತ್ತೀಯಾ ಎಂದು ಕೇಳುತ್ತಾನೆ. ಮರಿಯಳಿಗೆ ಅದಾವುದನ್ನೂ ಹೇಳುವುದಿಲ್ಲ. ಅವನನ್ನು ಎಲ್ಲಿಟ್ಟಿದ್ದೀರಿ ಎಂದಷ್ಟೇ ಕೇಳಿ ಕಣ್ಣೀರು ಬಿಡುತ್ತಾನೆ. ಮಾರ್ಥಳಿಗೆ ಹೇಳಿದ ಸತ್ಯ ಮರಿಯಳ ವಿಷಯದಲ್ಲೂ ಸತ್ಯವೇ ಆಗಿತ್ತು, ಆ ಗಳಿಗೆಯಲ್ಲಿ ಮರಿಯಳಿಗೆ ಬೇಕಾಗಿದ್ದುದು ಬೇರೆ. ನಿಮ್ಮ ತರಗತಿಯ ಹುಡುಗಿ ಇಬ್ಬರಲ್ಲಿ ಯಾರ ಹಾಗೆ ಎಂಬುದು ಅವಳನ್ನು ಕೇಳುವವರೆಗೆ ತಿಳಿಯದು.

ಆದ್ದರಿಂದ ಸ್ವರ್ಗದ ಪಾಠದಿಂದ ಶುರುಮಾಡಬೇಡಿ. "ಅಜ್ಜಿ ಈಗ ದೇವರ ಹತ್ತಿರ ಸುಖವಾಗಿದ್ದಾರೆ, ಅಳಬಾರದು" ಎಂಬ ಮಾತನ್ನು ಅವಳು ಈಗಾಗಲೇ ಹತ್ತಾರು ಜನರಿಂದ ಕೇಳಿರುತ್ತಾಳೆ. "ನಿನ್ನ ಅಜ್ಜಿ ಹೇಗಿದ್ದರು? ನನಗೆ ಹೇಳ್ತೀಯಾ?" ಎಂದು ಕೇಳಿ. ಹೇಳಲು ಮನಸ್ಸಿಲ್ಲದಿದ್ದರೆ "ಪರವಾಗಿಲ್ಲ, ಹೇಳಬೇಕು ಅನ್ನಿಸಿದಾಗ ಹೇಳು" ಎಂದು ಬಿಡಿ, ಆದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ಕೇಳಿ. ಆಕೆಯ ಮೌನವನ್ನು ನಂಬಿಕೆಯ ಕೊರತೆ ಎಂದು ತಿಳಿಯಬೇಡಿ. ಪ್ರಾರ್ಥನೆಯ ಸರದಿ ಬಂದಾಗ ಓದುವುದಕ್ಕೆ ಒಂದು ಕೀರ್ತನೆ ಕೊಡಿ, 13ನೆಯದು ಪುಟ್ಟದು, ಎಷ್ಟರವರೆಗೆ ನನ್ನನ್ನು ಮರೆತಿರುತ್ತೀ ಎಂದು ದೇವರನ್ನೇ ಕೇಳುವಂಥದ್ದು. ಬೈಬಲಿನಲ್ಲಿ ಇಂಥ ಪ್ರಾರ್ಥನೆಗೂ ಜಾಗವಿದೆಯೆಂದು ಅವಳಿಗೆ ತಿಳಿದರೆ ಅದೇ ಆ ತಿಂಗಳ ದೊಡ್ಡ ಪಾಠ. ಊಟ, ನಿದ್ದೆ, ಶಾಲೆ ಎಲ್ಲದರಲ್ಲೂ ಆಕೆ ಕುಸಿಯುತ್ತಿದ್ದಾಳೆ ಎನಿಸಿದರೆ ಅವಳಿಗೆ ತಿಳಿಸಿಯೇ ತಂದೆ ತಾಯಿಯ ಜೊತೆ ಮಾತಾಡಿ. ಆಪ್ತಸಮಾಲೋಚಕರ ಸಹಾಯ ಬೇಕಾದೀತು. ಅದು ಪ್ರಾರ್ಥನೆಗೆ ಎದುರಾದ ದಾರಿಯಲ್ಲ.

ಅಡ್ಡಪ್ರಶ್ನೆಯ ಹುಡುಗನ ಬಗ್ಗೆ ನನಗೆ ನಿಮಗಿಂತ ಕಡಿಮೆ ಆತಂಕ. ಕೇಳುವವನು ಇನ್ನೂ ನಿಮ್ಮ ಜೊತೆ ಮಾತಾಡುತ್ತಿದ್ದಾನೆ. ತೋಮನನ್ನು ನೋಡಿ. ಯೇಸು ಸತ್ತು ಮತ್ತೆ ಎದ್ದಿದ್ದಾನೆಂದು ಉಳಿದವರು ಹೇಳಿದಾಗ, ಮೊಳೆಯ ಗಾಯದಲ್ಲಿ ಬೆರಳಿಡದೆ ನಂಬುವುದಿಲ್ಲ ಎಂದು ಅವನು ಷರತ್ತು ಹಾಕಿದ. ಉಳಿದ ಶಿಷ್ಯರು ಅವನನ್ನು ಹೊರಗೆ ಕಳಿಸಲಿಲ್ಲ, ಎಂಟು ದಿನಗಳಾದ ಮೇಲೂ ಅವನು ಅವರ ಜೊತೆಗೇ ಮನೆಯೊಳಗಿದ್ದ. ಯೇಸು ಬಂದಾಗ ಎಲ್ಲರಿಗೂ ಸಮಾಧಾನ ಹೇಳಿ, ನೇರವಾಗಿ ತೋಮನ ಕಡೆ ತಿರುಗಿ, ಅವನು ಕೇಳಿದ್ದನ್ನೇ ಅವನ ಮುಂದಿಟ್ಟ. ಈ ಹುಡುಗನಿಗೂ ಹಾಗೆಯೇ ಅವನು ಕೇಳಿದ ಪ್ರಶ್ನೆಗೇ ಉತ್ತರ ಸಿಗಬೇಕು, ಅದರ ಪಕ್ಕದ ಸುಲಭ ಪ್ರಶ್ನೆಗೆ ಅಲ್ಲ. ಪ್ರಳಯದ ಬಗ್ಗೆ, ಕಾನಾನಿನ ಯುದ್ಧಗಳ ಬಗ್ಗೆ ಕೇಳಿದರೆ "ಅದನ್ನೆಲ್ಲ ಪ್ರಶ್ನಿಸಬಾರದು" ಎಂದರೆ ಅವನು ಕಲಿಯುವುದು ಮುಂದೆ ಇಲ್ಲಿ ಕೇಳಬಾರದು ಎಂಬುದನ್ನು. "ಇದಕ್ಕೆ ನನಗೆ ಈಗ ಉತ್ತರ ಗೊತ್ತಿಲ್ಲ, ಓದಿಕೊಂಡು ಬರುತ್ತೇನೆ" ಎನ್ನಿ, ನಿಜವಾಗಿಯೂ ಓದಿಕೊಂಡು ಬನ್ನಿ. ಒಮ್ಮೆ ಬಿಡುವಾಗಿ, "ಈ ಪ್ರಶ್ನೆ ನಿನಗೆ ಎಲ್ಲಿಂದ ಬಂತು?" ಎಂದು ವಿಚಾರಿಸಿ. ಶಾಲೆಯ ಗೆಳೆಯನೊಬ್ಬ ಹಾಸ್ಯ ಮಾಡಿರಬಹುದು, ಇಂಟರ್‌ನೆಟ್‌ನಲ್ಲಿ ಏನೋ ನೋಡಿರಬಹುದು, ಬೇಡಿಕೊಂಡದ್ದು ನಡೆಯದೆ ನೊಂದಿರಬಹುದು. ಮೂರಕ್ಕೂ ಬೇರೆ ಬೇರೆ ಮಾತು ಬೇಕು. ಅವನು ತಪ್ಪು ಹೇಳಿದಾಗ ಎಲ್ಲರೆದುರು ಸೋಲಿಸಬೇಡಿ. ಆದಿಸಭೆಯ ಬೋಧಕ ಅಪೊಲ್ಲೋಸನು ಸಭಾಮಂದಿರದಲ್ಲಿ ಧೈರ್ಯದಿಂದ ಮಾತಾಡಿದರೂ ಅವನ ತಿಳಿವಳಿಕೆ ಅರೆಬರೆಯಾಗಿತ್ತು. ಪ್ರಿಸ್ಕಿಲ್ಲ, ಅಕ್ವಿಲ ಎಂಬ ದಂಪತಿ ಅವನನ್ನು ತಮ್ಮ ಬಳಿಗೆ ಕರೆದುಕೊಂಡು ಹೋಗಿ ಇನ್ನೂ ಸ್ಪಷ್ಟವಾಗಿ ತಿಳಿಸಿದರೆಂದು ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯ ಹೇಳುತ್ತದೆ.

ನಿಮ್ಮ ಪತ್ರದಲ್ಲಿ ಇಬ್ಬರು ಮಕ್ಕಳಿದ್ದಾರೆ. ಉಳಿದ ಹದಿನಾರು ಮಂದಿ ಎಲ್ಲಿ? ಹೊತ್ತಿಗೆ ಸರಿಯಾಗಿ ಬರುವ, ವಚನ ಕಲಿತು ಬರುವ, ಹೇಳಿದ ಮಾತು ಕೇಳುವ ಮಕ್ಕಳಲ್ಲಿ ಬೋಧಕರ ಕಣ್ಣಿಗೆ ಬೀಳದೆ ವರ್ಷ ಕಳೆಯುವವರು ಇರುತ್ತಾರೆ. ಯೇಸು ಹೇಳಿದ ತಪ್ಪಿಹೋದ ಮಗನ ಸಾಮ್ಯಕಥೆಯಲ್ಲಿ, ಮನೆಬಿಟ್ಟು ಹೋಗಿ ಮರಳಿದ ಕಿರಿಯವನಿಗಾಗಿ ತಂದೆ ಓಡಿದ್ದು ಎಲ್ಲರಿಗೂ ನೆನಪಿರುತ್ತದೆ. ಮನೆಬಿಟ್ಟು ಹೋಗದ ಹಿರಿಯ ಮಗ ಸಿಟ್ಟಿನಿಂದ ಹೊರಗೆ ನಿಂತಾಗ ಅದೇ ತಂದೆ ಅವನಿಗಾಗಿಯೂ ಹೊರಗೆ ಬಂದು ಬೇಡಿಕೊಂಡನಲ್ಲ, ಅದನ್ನು ಪಾಠದಲ್ಲಿ ನಾವು ಬೇಗ ದಾಟಿಬಿಡುತ್ತೇವೆ. ಆ ಹಿರಿಯ ಮಗನ ದೂರು ಏನು? ಇಷ್ಟು ವರ್ಷ ನಿನ್ನ ಸೇವೆ ಮಾಡಿದೆ, ನೀನು ನನ್ನ ಕಡೆ ನೋಡಲಿಲ್ಲ ಎಂಬುದೇ. ನಿಮ್ಮ ಮೊದಲ ವಾರದ ಮೂವರಲ್ಲಿ ಒಬ್ಬರಾದರೂ ಇಂಥ "ಒಳ್ಳೆಯ ಮಗು" ಆಗಿರಲಿ. ಅದಕ್ಕೆ ಬಹುಮಾನದ ಅಗತ್ಯವಿಲ್ಲ. ಸರಿಯುತ್ತರ ಕೊಡದಿದ್ದರೂ ನೀವು ಅದನ್ನು ಇಷ್ಟಪಡುತ್ತೀರಿ ಎಂಬ ಖಾತರಿ ಬೇಕು.

ಹತ್ತಿರ ಹೋಗುವುದಕ್ಕೂ ಒಳಗೆ ಕೈಹಾಕುವುದಕ್ಕೂ ವ್ಯತ್ಯಾಸ ಹೇಗೆ ತಿಳಿಯುತ್ತದೆ ಎಂದರೆ, ಉತ್ತರಿಸದಿರುವ ಸ್ವಾತಂತ್ರ್ಯ ಮಗುವಿಗೆ ಇದೆಯೇ ಎಂದು ನೋಡಿ. "ನೀನು ಯೇಸುವನ್ನು ಸ್ವೀಕರಿಸಿದ್ದೀಯಾ?" ಎಂದು ಗುಂಪಿನ ನಡುವೆ ಕೇಳಿದರೆ ಇಲ್ಲವೆನ್ನಲು ಯಾವ ಮಗುವಿಗೆ ಧೈರ್ಯ ಬಂದೀತು? ಹಾಗೆ ಬಂದ ಹೌದಿನಿಂದ ಯಾರಿಗೂ ಲಾಭವಿಲ್ಲ. ಮಾರ್ಕನ 10ನೇ ಅಧ್ಯಾಯದ ಐಶ್ವರ್ಯವಂತನನ್ನು ಯೇಸು ದೃಷ್ಟಿಸಿ ನೋಡಿ ಪ್ರೀತಿಸಿದನೆಂದಿದೆ. ಅವನು ದುಃಖದಿಂದ ಹೊರಟುಹೋದಾಗ ಇದ್ದದ್ದನ್ನೆಲ್ಲ ಮಾರಿ ಬಡವರಿಗೆ ಕೊಡಬೇಕೆಂಬ ಷರತ್ತನ್ನು ಯೇಸು ಸಡಿಲಿಸಲಿಲ್ಲ, ಹಿಂದೆ ಓಡಿಹೋಗಿ ತಡೆಯಲೂ ಇಲ್ಲ. ಮನೆಯವರ ಒತ್ತಾಯಕ್ಕೆ ಬಂದು ಕೂರುವ ಮಕ್ಕಳು ನಿಮ್ಮಲ್ಲೂ ಇರಬಹುದು. ಅವರಿಗೆ, "ನಿನಗೆ ಇಲ್ಲಿ ಬರಲು ಇಷ್ಟವಿಲ್ಲ ಅಂತ ಗೊತ್ತು, ಆದರೂ ನೀನು ಬಂದಾಗ ನನಗೆ ಸಂತೋಷವಾಗುತ್ತದೆ" ಎಂದು ಹೇಳಬಹುದು. ಬೇರೆ ಧರ್ಮದ ಮನೆಯಿಂದ ಬಂದ ಮಗುವಿದ್ದರೆ ಇನ್ನೂ ಎಚ್ಚರ ಬೇಕು, ಮನೆಯವರಿಗೆ ತಿಳಿಯದೆ ಅದರ ಮೇಲೆ ಯಾವ ಒತ್ತಡವೂ ಬೀಳಬಾರದು. ನಿಮ್ಮ ಸ್ನೇಹ ಅದು ನಂಬುತ್ತದೋ ಬಿಡುತ್ತದೋ ಎಂಬುದರ ಮೇಲೆ ನಿಂತಿರಬಾರದು. ಮಕ್ಕಳು ಇದನ್ನು ಬಹಳ ಬೇಗ ಕಂಡುಹಿಡಿಯುತ್ತಾರೆ.

ಅವರು ನಿಮ್ಮನ್ನು ತಿರುಗಿ ಕೇಳಿದರೆ ನೀವೂ ನಿಜ ಹೇಳಿ. "ನೀವು ಯಾಕೆ ನಂಬುತ್ತೀರಿ?" ಎಂಬುದಕ್ಕೆ ಪುಸ್ತಕದ ಉತ್ತರ ಬೇಡ.

ಕೆಲವು ಗೆರೆಗಳನ್ನು ಮಾತ್ರ ಯಾವ ಕಾರಣಕ್ಕೂ ದಾಟಬೇಡಿ. ಒಬ್ಬರೊಡನೆ ಮಾತಾಡುವಾಗ ಬೇರೆಯವರ ಕಣ್ಣಿಗೆ ಬೀಳುವ ಜಾಗದಲ್ಲಿರಿ, ಬಾಗಿಲು ತೆರೆದಿರಲಿ, ಇನ್ನೊಬ್ಬ ಬೋಧಕರಿಗೆ ತಿಳಿದಿರಲಿ. ಫೋನಿನಲ್ಲಿ ಮಗುವಿನೊಡನೆ ಗುಟ್ಟಾದ ಸಂದೇಶಗಳು ಬೇಡ, ಹೆತ್ತವರಿಗೆ ತೋರಿಸಬಹುದಾದಂಥವು ಮಾತ್ರ ಇರಲಿ. "ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಡಿ" ಎಂದು ಮಗು ಕೇಳಿದರೆ ಕೊಡಬೇಡಿ. "ನಿನಗೆ ಅಪಾಯವಿದ್ದರೆ ಸಹಾಯ ಮಾಡಬಲ್ಲವರಿಗೆ ಹೇಳಲೇಬೇಕಾಗುತ್ತದೆ, ಆದರೆ ನಿನಗೆ ತಿಳಿಸಿಯೇ ಹೇಳುತ್ತೇನೆ" ಎನ್ನಿ. ಯಾರಾದರೂ ತನ್ನನ್ನು ಹಿಂಸಿಸುತ್ತಿದ್ದಾರೆ, ತಪ್ಪಾಗಿ ಮುಟ್ಟುತ್ತಿದ್ದಾರೆ ಎಂದು ಅದು ಹೇಳಿದರೆ ಕೆದಕಿ ಕೆದಕಿ ವಿಚಾರಣೆ ಮಾಡದೆ ಕೇಳಿಸಿಕೊಳ್ಳಿ, ಅದರ ಮಾತಿನಲ್ಲೇ ಬರೆದಿಡಿ. ಆ ಟಿಪ್ಪಣಿ ಚಿಕ್ಕ ಪುಸ್ತಕಕ್ಕೆ ಸೇರದೆ ಬೇರೆಯಾಗಿ, ಭದ್ರವಾಗಿರಲಿ. ಸಭೆಯಲ್ಲಿ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೂ ಕಾನೂನು ಹೇಳಿದ ಅಧಿಕಾರಿಗಳಿಗೂ ಅಂದೇ ತಿಳಿಸಿ. ಆರೋಪ ಬಂದ ವ್ಯಕ್ತಿಯೊಡನೆ ನೀವಾಗಿ ಮಾತಾಡಲು ಹೋಗಬೇಡಿ. ಸಭೆಯ ಹೆಸರು ಉಳಿಸಲು ಒಳಗೊಳಗೇ ಮುಗಿಸುವುದು, ಕ್ಷಮಿಸಿಬಿಡು ಎಂದು ಮಗುವಿಗೆ ಬುದ್ಧಿ ಹೇಳುವುದು, ಎರಡೂ ಆ ಮಗುವಿಗೆ ಮಾಡುವ ಎರಡನೆಯ ಅನ್ಯಾಯ.

ಇನ್ನೊಂದು ಸಂಗತಿ ಚಿಕ್ಕದಾಗಿ ಕಾಣುತ್ತದೆ, ಆದರೆ ಅದರಿಂದ ಎಷ್ಟೋ ಸಂಬಂಧಗಳು ಮುರಿದಿವೆ. ಮಗು ನಂಬಿ ಹೇಳಿದ್ದನ್ನು ಹೆಸರು ಮರೆಮಾಚಿಯೂ ಪಾಠದಲ್ಲಿ ಉದಾಹರಣೆಯಾಗಿ ಬಳಸಬೇಡಿ. ಪ್ರಾರ್ಥನಾ ಕೂಟದಲ್ಲಿ "ಒಬ್ಬ ಹುಡುಗಿಯ ಮನೆಯ ಪರಿಸ್ಥಿತಿಗಾಗಿ ಪ್ರಾರ್ಥಿಸೋಣ" ಎಂದರೆ ಅದು ಯಾರೆಂದು ಎಲ್ಲರಿಗೂ ತಿಳಿಯುತ್ತದೆ. "ನಿನಗಾಗಿ ಏನೆಂದು ಪ್ರಾರ್ಥಿಸಲಿ?" ಎಂದು ಅವಳನ್ನೇ ಕೇಳಿ, ಮನೆಯಲ್ಲಿ ಒಬ್ಬರೇ ಪ್ರಾರ್ಥಿಸಿ, ಮುಂದೆ ಸಿಕ್ಕಾಗ ಏನಾಯಿತೆಂದು ವಿಚಾರಿಸಿ.

ಸ್ಥಿರೀಕರಣವೋ (ತಮ್ಮ ನಂಬಿಕೆಯನ್ನು ಸಭೆಯೆದುರು ದೃಢಪಡಿಸುವ ವಿಧಿ) ಪ್ರಥಮ ಪ್ರಭುಭೋಜನವೋ ಆದ ಮೇಲೆ ಈ ಮಕ್ಕಳು ನಿಮ್ಮ ತರಗತಿಯಿಂದ ಮುಂದಿನವರ ಕೈಗೆ ಹೋಗುತ್ತಾರೆ. ಆಗ ಆ ಚಿಕ್ಕ ಪುಸ್ತಕವನ್ನು ಹಾಗೆಯೇ ದಾಟಿಸಬೇಡಿ. ಒಬ್ಬೊಬ್ಬರನ್ನೂ ಕರೆದು, "ಹೊಸ ಟೀಚರಿಗೆ ನಿನ್ನ ಬಗ್ಗೆ ಏನು ಹೇಳಲಿ, ಏನು ಹೇಳಬಾರದು?" ಎಂದು ಕೇಳಿ, ಅವರು ಒಪ್ಪಿದ್ದನ್ನು ಮಾತ್ರ ಹೇಳಿ. ಅವರು ಅಪಾಯದಲ್ಲಿದ್ದ ಸಂದರ್ಭವೊಂದನ್ನು ಬಿಟ್ಟರೆ ಉಳಿದೆಲ್ಲದರಲ್ಲೂ ಆ ಆಯ್ಕೆ ಅವರದೇ.